ಹೊಸ ರೋಲರಿನ ಸದ್ದು

ನವೆಂಬರ್ 18, 2024

ಈ ಡೈರಿ ಅವ್ವನದು. ಗೊಬ್ಬರದ ಅಂಗಡಿಯವರು ಸಂಕ್ರಾಂತಿಗೆ ಕೊಟ್ಟದ್ದು. ಅವ್ವನಿಗೆ ಓದು ಬರುತ್ತಿರಲಿಲ್ಲ. ದವಾಖಾನೆಯ ಚೀಟಿಗಳನ್ನು ಇದರೊಳಗೆ ಮಡಿಸಿ ಇಡುತ್ತಿದ್ದಳು. ಇವತ್ತು ಚೀಟಿಗಳನ್ನು ತೆಗೆದು ಡಬ್ಬಿಗೆ ಹಾಕಿದೆ. ಪುಟಗಳು ಖಾಲಿ ಇವೆ. ನಾನು ಐದನೇ ಇಯತ್ತೆಯವರೆಗೆ ಓದಿದವಳು. ತಪ್ಪಾದರೂ ನೋಡುವವರು ಯಾರೂ ಇಲ್ಲ.

ಅವ್ವ ಹೋಗಿ ನಾಲ್ಕು ತಿಂಗಳಾಯಿತು. ನಾನು ಅಳಲಿಲ್ಲ. ಅಳಲಿಲ್ಲವೆಂದು, ನನ್ನ ಜೊತೆ ಕೆಲಸ ಮಾಡುವ ಪೀರಮ್ಮ ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿದ್ದಾಳೆ. ಅಳು ಬಂದರೆ ತಡೆಯಬೇಕಲ್ಲವೇ. ಬರಲೇ ಇಲ್ಲ.

ಯಾರಿಗೂ ಹೇಳಬಾರದ ಮಾತನ್ನು ಮೊದಲು ಬರೆದುಬಿಡುತ್ತೇನೆ. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ. ಎರಡು ವರ್ಷವಾಯಿತು. ಅಪ್ಪ ಪಕೀರಪ್ಪ ಆದೋನಿಯ ಈ ಜಿನ್ನಿಂಗ್ ಮಿಲ್ಲಿನ ರೋಲರ್ ಮೇಸ್ತ್ರಿ. ಹತ್ತಿಯಿಂದ ಕಾಳು ಬಿಡಿಸುವ ಇಪ್ಪತ್ತನಾಲ್ಕು ಯಂತ್ರಗಳಿವೆ. ಒಂದೊಂದಕ್ಕೂ ಚರ್ಮದ ಎರಡು ರೋಲರ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಒಳಗೆ ಏನು ಕೆಟ್ಟಿದೆ ಎಂದು ಅಪ್ಪ ಹೇಳುತ್ತಾನೆ. ಮೂವತ್ತು ವರ್ಷದಿಂದ ಅವನ ಮಾತು ತಪ್ಪಿಲ್ಲ.

ಈಗ ಕೇಳುವವಳು ನಾನು. ಹಿಂದೆ ಕಸ ಗುಡಿಸುತ್ತಾ ನಿಲ್ಲುತ್ತೇನೆ. ಕಸಬರಿಗೆಯ ಹಿಡಿಯ ಮೇಲೆ ಬೆರಳಿಟ್ಟು ತೋರಿಸುತ್ತೇನೆ. ಒಂದು ಬೆರಳೆಂದರೆ ಗ್ರೀಸು ಬೇಕು. ಎರಡೆಂದರೆ ರೋಲರಿನ ಮೇಲೆ ಒತ್ತು ಜಾಸ್ತಿ. ಮೂರೆಂದರೆ ನಿಲ್ಲಿಸಿ, ಬಿಚ್ಚಿ ನೋಡಬೇಕು. ಮುಷ್ಟಿ ಮುಚ್ಚಿದರೆ ಎಲ್ಲ ಸರಿ.

ಹೋದ ವರ್ಷ ಒಬ್ಬ ಫಿಟ್ಟರಿಗೆ ಕಣ್ಣು ಮಂಜಾಗಿರುವುದು ಗೊತ್ತಾಯಿತು. ಅವತ್ತೇ ಅವನನ್ನು ಗೇಟಿನಾಚೆ ಕಳಿಸಿದರು. ಅವನು ಈಗ ಹೆಂಡತಿಯ ಜೊತೆ ಗುಂಟೂರಿನಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಾನಂತೆ. ಅಪ್ಪನಿಗೆ ಐವತ್ತೇಳು. ಬಗ್ಗಿದರೆ ಏಳುವುದಕ್ಕೆ ಹೊತ್ತು ಹಿಡಿಯುತ್ತದೆ.

ಮಿಲ್ಲಿನ ಗದ್ದಲದಲ್ಲಿ ಎಲ್ಲರೂ ಕೈಸನ್ನೆ ಮಾಡುತ್ತಾರೆ. ಕಿವಿ ಇಲ್ಲದವನು ಅಡಗಿಕೊಳ್ಳಲು ಒಳ್ಳೆಯ ಜಾಗ.

ನವೆಂಬರ್ 21

ಸಾವ್ಕಾರ ಕೊಟ್ರಬಸಪ್ಪನವರು ಒಬ್ಬ ಇಂಜಿನಿಯರನ್ನು ಕರೆತಂದರು. ಹೆಸರು ಸುಹಾಸಿನಿ, ಎಮ್ಮಿಗನೂರಿನ ನೇಕಾರರ ಮನೆಯವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಚರ್ಮದ ರೋಲರ್ ತೆಗೆದು ಬಟ್ಟೆಯ ರೋಲರ್ ಹಾಕುತ್ತಾಳಂತೆ. ಊಟದ ಬಿಡುವಿನಲ್ಲಿ ರೋಲರಿಗೆ ಪೋಣಿಸುವ ಒಂದು ಬಿಲ್ಲೆಯನ್ನು ಎಲ್ಲರ ಕೈಗೆ ಕೊಟ್ಟಳು.

"ಸೀರಿ ನೇಯೋರು ಈಗ ರೋಲರ್ ನೇಯಾಕ ಬಂದಾರ ನೋಡ್ರೇ," ಎಂದಳು ಪೀರಮ್ಮ.

"ಹೌದ್ರಿ ಅತ್ತೀ, ಇದೂ ಬಟ್ಟೀನ. ಪದರಿನ ಮ್ಯಾಲ ಪದರು, ನಡುವ ರಬ್ಬರ್. ಇದರಾಗ ಸೀರಿ ಮಾಡಿದ್ರ ಉಡಾಕ ನಾಕು ಮಂದಿ ಬೇಕು ನಿಮಗ."

ಪೀರಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಚರ್ಮವನ್ನು ಕ್ರೋಮ್ ಎಂಬ ಉಪ್ಪು ಹಾಕಿ ಹದ ಮಾಡುತ್ತಾರೆ, ರೋಲರ್ ಸವೆದಂತೆ ಆ ಪುಡಿ ಅರಳೆಯಲ್ಲಿ ಸೇರುತ್ತದೆ, ನಮ್ಮ ಎದೆಯಲ್ಲೂ ಸೇರುತ್ತದೆ ಎಂದು ಆಕೆ ಹೇಳಿದಳು. ಹೊರದೇಶದ ಗಿರಾಕಿಗಳು ಪುಡಿ ಸಿಕ್ಕಿತೆಂದು ನಮ್ಮ ಅರಳೆಯ ಬೇಲುಗಳನ್ನು ವಾಪಸ್ ಕಳಿಸಿದ್ದಾರಂತೆ. ಆ ಪುಡಿ ನನಗೆ ಗೊತ್ತು. ನೀಲಿ ಬೂದಿಯಂತೆ ಇರುತ್ತದೆ. ಅಪ್ಪನ ಅಂಗಿ ತೊಳೆದ ನೀರು ಆ ಬಣ್ಣಕ್ಕೆ ತಿರುಗುತ್ತದೆ.

ಅಪ್ಪ ಬಿಲ್ಲೆಯನ್ನು ಬಹಳ ಹೊತ್ತು ತಿಕ್ಕಿ ನೋಡಿದ. ಮೂಸಿದ. ಹಲ್ಲಿನಿಂದ ಕಚ್ಚಿದ. ಸುಹಾಸಿನಿ ಮೇಡಂ ಏನೋ ಕೇಳಿದಳು. ಅಪ್ಪ ತಲೆ ಆಡಿಸಿದ. ಕೇಳದಿದ್ದಾಗ ಅವನು ಯಾವಾಗಲೂ ತಲೆ ಆಡಿಸುತ್ತಾನೆ.

ನವೆಂಬರ್ 22

ರೊಟ್ಟಿ ಮಾಡಿದೆ. ಒಂದು ತಿಂದೆ. ನಿನಗೇನಾಗಿದೆ ಎಂಬಂತೆ ಅಪ್ಪ ಹುಬ್ಬೇರಿಸಿದ. ಮುಷ್ಟಿ ತೋರಿಸಿದೆ. ಮನೆಯಲ್ಲೂ ನಮ್ಮದು ಮಿಲ್ಲಿನ ಸನ್ನೆಯೇ.

ನವೆಂಬರ್ 27

ಹನ್ನೊಂದನೇ ಯಂತ್ರಕ್ಕೆ ಮೊದಲು ಹಾಕಿ ನೋಡುತ್ತಾರೆ. ಎರಡು ದಿನ ಅಪ್ಪ ಬಿಲ್ಲೆಗಳನ್ನು ಉಕ್ಕಿನ ಸಲಾಕೆಗೆ ಪೋಣಿಸಿ, ಒತ್ತಿ, ಮೇಲೆ ಗಾಡಿ ಎನ್ನುವ ಸುರುಳಿ ಗೀರು ಕೊರೆದ. ಮೇಡಂ ಅದರ ಮೇಲೆ ಬೆರಳಾಡಿಸಿ ನೋಡಿದಳು. "ನಮ್ಮ ಕಾರ್ಖಾನ್ಯಾಗ ಮಿಷಿನ್ ಕೊರದದ್ದಕ್ಕಿಂತ ಸಾಪ್ ಐತ್ರಿ ಮೇಸ್ತ್ರಿಗಾರು," ಎಂದಳು. ಅಪ್ಪ ತಲೆ ಆಡಿಸಿದ.

ಯಂತ್ರದ ಪಕ್ಕಕ್ಕೆ ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ ಅಂಟಿಸಿದಳು. ಅದು ಒಳಗಿನ ಬಿಸಿಯನ್ನೂ ನಡುಕವನ್ನೂ ಅಳೆದು ಎಮ್ಮಿಗನೂರಿನಲ್ಲಿರುವ ಅವಳ ಫೋನಿಗೆ ಕಳಿಸುತ್ತದೆ. ರಾಯಚೂರಿನ ಮಿಲ್ಲು, ಗುಂಟೂರಿನ ಮಿಲ್ಲು, ಎಲ್ಲಿ ಈ ರೋಲರ್ ಇದ್ದರೂ ಎಲ್ಲ ಒಂದೇ ಕಡೆ ಕಾಣುತ್ತದಂತೆ. ಒಂದೂರಿನಲ್ಲಿ ರೋಲರ್ ಹೇಗೆ ಕೆಟ್ಟಿತೆಂದು ನೋಡಿಕೊಂಡು ಮುಂದಿನೂರಿನದಕ್ಕೆ ಬಟ್ಟೆ ಬದಲಿಸುತ್ತಾರೆ, ರಬ್ಬರ್ ಬದಲಿಸುತ್ತಾರೆ.

ಬಿಸಿ ಏರಿದರೆ ಇಲ್ಲಿಯೂ ಗೊತ್ತಾಗಬೇಕಲ್ಲ. ಅದಕ್ಕೊಂದು ಫೋನು ತಂದಿದ್ದಳು. ತುಂಬಾ ಜೋರಾಗಿ ಬಡಿದುಕೊಳ್ಳುತ್ತದೆ. ಅದನ್ನು ಅಪ್ಪನ ಅಂಗಿಯ ಜೇಬಿಗೆ ಹಾಕಿದಳು. ನನಗೆ ಆಗಲೇ ಹೇಳಬೇಕಿತ್ತು. ಕಸಬರಿಗೆ ಹಿಡಿದು ನಿಂತಿದ್ದೆ.

ಸಂಜೆ ಹೋಗುವಾಗ ಮೇಡಂ ಅಪ್ಪನ ಜೊತೆ ಏನೋ ಮಾತಾಡುತ್ತಿದ್ದಳು. ಯಂತ್ರಗಳು ಓಡುತ್ತಿದ್ದವು. ನಾನು ನೀರಿನ ಕೊಡ ತರುತ್ತಿದ್ದೆ, ದೂರದಲ್ಲಿದ್ದೆ. ಅಪ್ಪ ತಲೆ ಆಡಿಸುವುದು ಕಂಡಿತು.

ಹೊಸ ರೋಲರಿನ ಸದ್ದು ನನಗೆ ಹೊಸದು. ಚರ್ಮದ್ದು ಬಾಯಿಬಿಟ್ಟು ಉಸಿರಾಡಿದಂತೆ ಇರುತ್ತದೆ. ಇದು ಬಾಯಿ ಮುಚ್ಚಿಕೊಂಡು ಉಸಿರಾಡುವವರ ಹಾಗೆ ಇದೆ. ಸರಿಯೋ ತಪ್ಪೋ ತಿಳಿಯದೆ ಮುಷ್ಟಿ ತೋರಿಸಿದೆ.

ಡಿಸೆಂಬರ್ 1

ಅಮವಾಸ್ಯೆ. ಯಂತ್ರಗಳ ಪೂಜೆ. ಹೊಸ ರೋಲರ್ ಹಾಕಿದ ಮೇಲೆ ಬರುವ ಮೊದಲ ಅಮವಾಸ್ಯೆಗೆ ಅದಕ್ಕೆ ಮದುಮಗಳಿಗೆ ಹಚ್ಚಿದಂತೆ ಎಣ್ಣೆ ಅರಿಷಿಣ ಹಚ್ಚುವುದು ನಮ್ಮ ಮಿಲ್ಲಿನ ಪದ್ಧತಿ. ಎಣ್ಣೆ ಕುಡಿದರೆ ಚರ್ಮ ಮೆತ್ತಗಾಗುತ್ತದೆ, ಬಿರುಕು ಬಿಡುವುದಿಲ್ಲ. ಯಾವಾಗಲೂ ಹಚ್ಚುವವಳು ಅವ್ವ. ಅವಳು ಈ ಮಿಲ್ಲಿನಲ್ಲಿ ಕಸ ಆರಿಸುತ್ತಿದ್ದಳು.

"ಈ ಸಲ ನೀ ಹಚ್ಚಬೇ," ಎಂದ ಅಪ್ಪ.

"ಮೂಗೀ, ಸೋಬಾನ ಹಾಡು," ಎಂದಳು ಪೀರಮ್ಮ. ಮಿಲ್ಲಿನಲ್ಲಿ ನನ್ನ ಹೆಸರು ಮೂಗಿ. ಶಿರೀಷಾ ಅಂತ ಯಾರೂ ಕರೆಯುವುದಿಲ್ಲ.

ನಾನು ಹಾಡಲಿಲ್ಲ. ಸೇಂಗಾ ಎಣ್ಣೆ ಒಂದು ಬಟ್ಟಲು ತುಂಬ ಇತ್ತು. ಎರಡು ರೋಲರಿಗೂ ಅಂಗೈಯಿಂದ ಹಚ್ಚಿದೆ. ಇದು ಚರ್ಮದ ಹಾಗೆ ಬೇಗ ಕುಡಿಯಲಿಲ್ಲ. ಇನ್ನಷ್ಟು ಹಚ್ಚಿದೆ. ಬಿಳಿ ಡಬ್ಬಿಗೆ ಕುಂಕುಮ ಇಟ್ಟೆವು. ಕೈಗೆ ಅಂಟಿದ ಅರಿಷಿಣ ಹೋಗಲಿಲ್ಲ. ಅವ್ವನ ಕೈಯೂ ಪೂಜೆಯ ಮಾರನೇ ದಿನ ಹೀಗೇ ಇರುತ್ತಿತ್ತು. ಅದನ್ನು ನೋಡಿದರೂ ಏನೂ ಅನ್ನಿಸಲಿಲ್ಲ.

ಡಿಸೆಂಬರ್ 3

ಹನ್ನೊಂದನೆಯದರ ಸದ್ದು ಬೇರೆ ಆಗಿದೆ. ಹಸಿ ಬಟ್ಟೆ ಹಿಂಡಿದಂತೆ. ಹೊಸದಕ್ಕೆ ಇದೇ ಸರಿಯಾದ ಸದ್ದೇನೋ. ಯಾರನ್ನು ಕೇಳಲಿ. ಮುಷ್ಟಿ ತೋರಿಸಿದೆ.

ಡಿಸೆಂಬರ್ 4

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು. ಸಾವ್ಕಾರರು ಹತ್ತಿ ಮಾರ್ಕೆಟ್ಟಿನಲ್ಲಿದ್ದರು. ಅಪ್ಪ ಇಪ್ಪತ್ತನೇ ಯಂತ್ರದ ಮುಂದೆ ಕುಳಿತು ಬೋಲ್ಟು ಬಿಗಿಯುತ್ತಿದ್ದ. ಹನ್ನೊಂದನೆಯದರ ಪಕ್ಕ ಗುಡಿಸುವಾಗ ಸದ್ದು ಒಮ್ಮೆಲೇ ಗಂಟಲು ಹಿಡಿದ ಹಾಗಾಯಿತು. ಆಮೇಲೆ ವಾಸನೆ. ಸೈಕಲ್ಲಿನ ಟೈರು ಸುಟ್ಟಂತೆ.

ಮೂರು ಬೆರಳು ಎತ್ತಿದೆ. ಅಪ್ಪನ ಬೆನ್ನು ನನ್ನ ಕಡೆ ಇತ್ತು. ಕಸಬರಿಗೆಯನ್ನು ಮೇಲಕ್ಕೆತ್ತಿ ಆಡಿಸಿದೆ. ಅವನು ನೋಡಲಿಲ್ಲ. ರೋಲರಿನ ಅಂಚಿಗೆ ಅಂಟಿದ ಅರಳೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹಿಂದೆಯೇ ಮಾಳಿಗೆಯವರೆಗೆ ಅರಳೆಯ ರಾಶಿ, ಅದರ ಬುಡದಲ್ಲಿ ಪೀರಮ್ಮ ಮತ್ತು ಆರು ಮಂದಿ ಹೆಂಗಸರು.

ಓಡಿದೆ. ಗೋಡೆಯ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆಳೆದೆ. ಇಪ್ಪತ್ತನಾಲ್ಕೂ ನಿಂತವು. ಆಗ "ಏಳ್ರೀ, ಹೊರಗ ಹೋಗ್ರೀ, ಬೆಂಕಿ!" ಎಂದು ಯಾರೋ ಕಿರುಚುತ್ತಿರುವುದು ಕೇಳಿಸಿತು. ಕಿರುಚುತ್ತಿದ್ದವಳು ನಾನೇ.

ಉರಿ ಏಳಲಿಲ್ಲ. ಮರಳು ಸುರಿದರು. ರೋಲರ್ ಬಿಚ್ಚಿದಾಗ ಅದು ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿ ಯಂತ್ರದೊಳಗಿನ ಉಕ್ಕಿನ ಚೂರಿಗೆ ಒತ್ತಿಕೊಂಡಿತ್ತು.

ಸಾವ್ಕಾರರು ಮಾರ್ಕೆಟ್ಟಿನಿಂದ ಬಂದರು. ಮೇಡಂ ಎಮ್ಮಿಗನೂರಿನಿಂದ ಬೈಕಿನಲ್ಲಿ ಬಂದಳು, ಮೈಯೆಲ್ಲಾ ಧೂಳು.

"ಯಾರು ಬಂದ್ ಮಾಡಿದ್ದು?" ಎಂದರು ಸಾವ್ಕಾರರು.

"ಅಪ್ಪ ಹೇಳಿದ," ಎಂದೆ.

ಮೇಡಂ ನನ್ನನ್ನು ನೋಡಿದಳು. "ನಾ ಏಳು ಸಲ ಫೋನ್ ಮಾಡೀನಿ. ಮೇಸ್ತ್ರಿಗಾರು ಎತ್ತಲಿಲ್ಲ."

"ಈ ಗದ್ದಲದಾಗ ಯಾರಿಗೆ ಕೇಳತೈತಿ ತಾಯಿ," ಎಂದರು ಸಾವ್ಕಾರರೇ. ಮಾತು ಅಲ್ಲಿಗೆ ಮುಗಿಯಬೇಕಿತ್ತು.

"ಫೋನೇ ಕೆಟ್ಟೈತೇನೋ, ನೋಡೋಣು," ಎಂದು ಮೇಡಂ ತನ್ನ ಫೋನಿನಿಂದ ಮತ್ತೆ ಕರೆ ಮಾಡಿದಳು.

ಮಿಲ್ಲು ಪೂರ್ತಿ ನಿಂತಿತ್ತು. ನಾನೇ ನಿಲ್ಲಿಸಿದ್ದೆ. ಆ ಮೌನದಲ್ಲಿ ಅಪ್ಪನ ಜೇಬಿನಿಂದ ಫೋನು ಬಡಿದುಕೊಳ್ಳತೊಡಗಿತು. ಗೇಟಿನ ಹತ್ತಿರದವರೂ ತಿರುಗಿ ನೋಡಿದರು. ಅಪ್ಪ ಮೊಣಕಾಲೂರಿ ಕುಳಿತು, ಉಬ್ಬಿದ ರೋಲರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ. ಅವನ ಎದೆಯ ಮೇಲೆಯೇ ಅದು ಕೂಗುತ್ತಿತ್ತು. ಅವನು ರೋಲರನ್ನೇ ನೋಡುತ್ತಿದ್ದ.

ಪೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಅಪ್ಪ ತಲೆ ಎತ್ತಿದ. ಎಲ್ಲರ ಮುಖ ನೋಡಿದ. ಕೊನೆಗೆ ನನ್ನ ಮುಖ. ನಾನು ನನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಜೇಬಿನಿಂದ ಫೋನು ತೆಗೆದ. ಅದರ ಬೆಳಕು ಹೊತ್ತಿ ಆರುವುದನ್ನು ನೋಡಿದ.

"ಎರಡು ವರ್ಷ ಆತ್ರಿ ಸಾವ್ಕಾರ್ರ," ಎಂದ.

"ಮತ್ತ ಎರಡು ವರ್ಷದಿಂದ ನನ್ನ ಮಿಷಿನ್ ಸದ್ದು ಕೇಳಿದೋರ್ಯಾರೋ?"

ಅಪ್ಪನಿಗೆ ಪ್ರಶ್ನೆ ಕೇಳಿಸಿರಲಾರದು. ಆದರೂ ನನ್ನ ಕಡೆ ಕೈ ತೋರಿಸಿದ.

"ನಾಡಿದ್ದು ಬರ್ರಿ, ಇಬ್ಬರೂ," ಎಂದರು ಸಾವ್ಕಾರರು.

ಡಿಸೆಂಬರ್ 5

ಮನೆಯಲ್ಲೇ ಇದ್ದೆವು. ಅಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಒರೆಸುತ್ತಾ ಕುಳಿತಿದ್ದ.

ಡಿಸೆಂಬರ್ 6

ನಾವು ಹೋಗುವ ಹೊತ್ತಿಗೆ ಮೇಡಂ ಸಾವ್ಕಾರರ ಕೋಣೆಯಲ್ಲಿದ್ದಳು. ಮೇಜಿನ ಮೇಲೆ ಉಬ್ಬಿದ ಬಿಲ್ಲೆ ಇತ್ತು, ಇನ್ನೂ ಅರಿಷಿಣದ ಕಲೆ.

ರಬ್ಬರಿಗೆ ಎಣ್ಣೆ ಆಗದಂತೆ. ಎಣ್ಣೆ ಕುಡಿದರೆ ಉಬ್ಬುತ್ತದೆ. ಹಚ್ಚಬೇಡಿ ಎಂದು ಅವತ್ತು ಸಂಜೆ ಅಪ್ಪನಿಗೆ ಹೇಳಿದ್ದಳಂತೆ. ನಾನು ಕೊಡ ಹೊತ್ತು ದೂರದಲ್ಲಿದ್ದಾಗ.

"ಎಣ್ಣೆ ಹಚ್ಚಿದಾಕಿ ನಾನ್ರಿ," ಎಂದೆ.

"ನಿಂದೇನೂ ತಪ್ಪಿಲ್ಲ ಶಿರೀಷಾ. ತಲಿ ಆಡಿಸಿದ್ದು ನೋಡಿ ಕೇಳೇತಿ ಅಂದ್ಕೊಂಡೆ. ತಪ್ಪು ನಂದು," ಎಂದಳು. ಆಮೇಲೆ ಸಾವ್ಕಾರರ ಕಡೆ ತಿರುಗಿ, "ಪೂಜಿ ಬಿಡ್ರಿ ಅಂದ್ರ ಯಾರೂ ಬಿಡಂಗಿಲ್ಲ. ನಮ್ಮ ಮಗ್ಗಕ್ಕೂ ನಾವು ಅರಿಷಿಣ ಹಚ್ಚತೀವಿ. ಎಣ್ಣಿ ತಡಕಳೋ ರಬ್ಬರ್ ಬ್ಯಾರೆ ಐತಿ. ನಿನ್ನೀನ ಕಾರ್ಖಾನಿಗೆ ಹೇಳೀನಿ. ಇನ್ನ ಮ್ಯಾಲೆ ಹಾಕೋ ರೋಲರ್ ಎಲ್ಲಾ ಅದರಾಗ ಬರತಾವ. ರಾಯಚೂರಿಗೂ ಅದನ್ನ ಕಳಸತಾರ," ಎಂದಳು.

"ಅದು ಸರೇ. ಕಿವುಡ ಮೇಸ್ತ್ರೀನ ಇಟಗಂಡು ಏನು ಮಾಡ್ಲಿ? ನಾಳೆ ಮಿಲ್ಲು ಸುಟ್ರ?"

ಅಪ್ಪ ಅವರ ತುಟಿಗಳನ್ನು ನೋಡುತ್ತಿದ್ದ. ಹೇಗೆ ಹೇಳಿದೆನೋ ಗೊತ್ತಿಲ್ಲ, ಆದರೆ ಹೇಳಿದೆ.

"ರೋಲರ್ ಕಟ್ಟಾಕ ಕಿವಿ ಬೇಕಿಲ್ರಿ ಸಾವ್ಕಾರ್ರ. ಹನ್ನೊಂದನೇದರಾಗ ಅಪ್ಪ ಕೊರೆದ ಗಾಡಿ ನೋಡ್ರಿ, ಉಬ್ಬಿದ್ರೂ ಸೀಳಿಲ್ಲ. ಸದ್ದು ನಾ ಕೇಳತೀನಿ. ಹಿಂದಿನ ದಿನಾನ ಸದ್ದು ಕೆಟ್ಟದ್ದು ನನಗ ಗೊತ್ತಾಗಿತ್ತು. ಹೇಳಾಕ ಅಂಜಿದೆ. ಇನ್ನ ಅಂಜಂಗಿಲ್ಲ."

"ಏ, ಇದಕ್ಕ ಮಾತು ಬರತೈತಿ," ಎಂದರು ಸಾವ್ಕಾರರು ಮೇಡಂಗೆ.

ಅಪ್ಪ ಉಳಿದ. ಆದರೆ ಹಿಂದಿನ ಕೋಣೆಯಲ್ಲಿ, ರೋಲರ್ ಕಟ್ಟುವುದಕ್ಕೆ ಮಾತ್ರ. ಯಂತ್ರಗಳ ಸಾಲಿಗೆ ಅವನು ಬರುವಂತಿಲ್ಲ, ಮೇಸ್ತ್ರಿ ಎನ್ನಿಸಿಕೊಳ್ಳುವಂತಿಲ್ಲ. ಫೋನು ನನ್ನ ಕೈಗೆ ಬಂತು. ಅಪ್ಪ ಅಲ್ಲೇ ಸ್ಕ್ರೂಡ್ರೈವರನ್ನೂ ನನಗೆ ಕೊಟ್ಟ. ಕೊಡುವಾಗ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿದ.

ಉಳಿದಿದ್ದಕ್ಕೆ ಸಂತೋಷವಾಗಬೇಕು. ಮೇಸ್ತ್ರಿಕೆ ಕಸಿದುಕೊಂಡಿದ್ದಕ್ಕೆ ದುಃಖವಾಗಬೇಕು. ಸುಮ್ಮನೆ ಹಿಡಿದುಕೊಂಡು ನಿಂತೆ.

ಡಿಸೆಂಬರ್ 19

ಹೊಸ ರಬ್ಬರಿನ ರೋಲರುಗಳು ಬಂದಿವೆ. ಮೇಡಂ ದಿನಾ ಸಂಜೆ ಫೋನ್ ಮಾಡಿ ಸದ್ದು ಹೇಗಿದೆ ಎಂದು ಕೇಳುತ್ತಾಳೆ. ಡಬ್ಬಿ ಅಂಕಿ ಕಳಿಸುತ್ತದೆ, ಅಂಕಿ ಏರುವ ಮೊದಲು ಏನು ಕೇಳಿಸಿತು ಅದು ತನಗೆ ಬೇಕು ಎನ್ನುತ್ತಾಳೆ. ಡೈರಿಯಲ್ಲಿ ಬರೆದದ್ದನ್ನು ಓದಿ ಹೇಳಿದೆ. ಬಾಯಿ ಮುಚ್ಚಿದ ಉಸಿರು. ಹಸಿ ಬಟ್ಟೆ ಹಿಂಡಿದ್ದು. ಗಂಟಲು ಹಿಡಿದದ್ದು. ನಗುತ್ತಾಳೆಂದುಕೊಂಡಿದ್ದೆ. ಬರೆದುಕೊಂಡಳು. ಹಸಿ ಬಟ್ಟೆ ಹಿಂಡಿದಂಥ ಸದ್ದು ಗುಂಟೂರಿನವರಿಗೂ ಕೇಳಿಸಿತ್ತಂತೆ. ಏನೆಂದು ಹೇಳಬೇಕೆಂಬುದು ಅವರಿಗೆ ತಿಳಿದಿರಲಿಲ್ಲವಂತೆ.

ಮಾತು ಮುಗಿಸಿ ನೋಡಿದರೆ ಹೊತ್ತು ಮುಳುಗಿತ್ತು.

ಡಿಸೆಂಬರ್ 30

ಎಳ್ಳಮವಾಸ್ಯೆ. ಪೂಜೆ ಆಯಿತು, ಎಣ್ಣೆ ಹಚ್ಚಿದೆವು. ರೋಲರ್ ಉಬ್ಬಲಿಲ್ಲ. ಪೀರಮ್ಮ ಒಂದು ಸೋಬಾನೆ ಹಾಡಿ ನಡುವೆ ಸಾಲು ಮರೆತಳು. ಮುಂದಿನದನ್ನು ನಾನು ಹೇಳಿಕೊಟ್ಟೆ. ಅವ್ವ ಹಾಡುತ್ತಿದ್ದದ್ದು ಅದು.

"ಏ ಶಿರೀಷಾ, ನಿಮ್ಮವ್ವನ ದನಿ ಐತಲ್ಲೇ ನಿಂದು," ಎಂದಳು.

ಜನವರಿ 13, 2025

ಇಪ್ಪತ್ತನಾಲ್ಕೂ ಬದಲಾಗಿವೆ. ನೆಲ ಗುಡಿಸಿದರೆ ನೀಲಿ ಪುಡಿ ಬರುವುದಿಲ್ಲ. ಅಪ್ಪನ ಅಂಗಿ ತೊಳೆದ ನೀರು ಬರೀ ಮಣ್ಣಿನ ಬಣ್ಣ. ಹಳೆಯ ಚರ್ಮದ ಬಿಲ್ಲೆಗಳನ್ನೆಲ್ಲ ಗುಜರಿಗೆ ಒಯ್ದರು. ಅಪ್ಪ ಒಂದನ್ನು ಮಾತ್ರ ಬನಿಯನ್ನಿನೊಳಗೆ ಇಟ್ಟುಕೊಂಡು ಬಂದಿದ್ದಾನೆ. ಬಿಸಿ ಗಡಿಗೆಯ ಕೆಳಗೆ ಇಡುತ್ತಾನಂತೆ.

ಇವತ್ತು ಭೋಗಿ. ಸಂಜೆ ನಾನು ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತಿದ್ದ. ಇದ್ದಕ್ಕಿದ್ದಂತೆ ಮಾತಾಡಿದ.

"ನಿಮ್ಮವ್ವ ಕಡೀಗೆ ಏನೂ ಅನ್ಲಿಲ್ಲ ಅಂತ ಹೇಳಿದ್ದೆನಲ್ಲ. ಅಂದ್ಲು. ನೀ ಗುಳಿಗಿ ತರಾಕ ಹೋಗಿದ್ದಿ. ನನ್ನ ಕೈ ಹಿಡದು ಬಾಳ ಹೊತ್ತು ಏನೋ ಅಂದ್ಲು. ನನಗ ಕೇಳಲಿಲ್ಲವ್ವ. ತಲಿ ಆಡಿಸಿದೆ. ಆಕಿ ಸಮಾಧಾನ ಆತು ಅನ್ನಂಗ ಕಣ್ಣು ಮುಚ್ಚಿದ್ಲು. ಏನಕ್ಕ ಹೂಂ ಅಂದ್ನೋ ನಂಗ ಗೊತ್ತಿಲ್ಲ."

ಹಂಚಿನ ಮೇಲಿನ ರೊಟ್ಟಿ ಸೀದಿತು. ಅದನ್ನು ತೆಗೆಯಲು ನನ್ನ ಕೈ ಬರಲಿಲ್ಲ.

ಅಪ್ಪ ನನ್ನನ್ನು ನೋಡಿ ಹುಬ್ಬೇರಿಸಿದ. ದಿನಾ ಕೇಳುವ ಹಾಗೆಯೇ.

ಮುಷ್ಟಿ ಮಾಡಲು ಕೈ ಎತ್ತಿದೆ. ಹಿಟ್ಟು ಮೆತ್ತಿಕೊಂಡ ಬೆರಳುಗಳು ಮುಚ್ಚಲಿಲ್ಲ. ಮೂರು ಬೆರಳು ತೋರಿಸಿದೆ.

ಅಪ್ಪ ಎದ್ದು ಒಲೆ ಆರಿಸಿದ. ಬಿಲ್ಲೆಯನ್ನು ಕೆಳಗಿಟ್ಟು ನನ್ನೆದುರು ಬಂದು ಕುಳಿತ, ಯಂತ್ರ ಬಿಚ್ಚುವ ಮೊದಲು ಕುಳಿತುಕೊಳ್ಳುವಂತೆ, ಮೊಣಕಾಲೂರಿ.